ತುರ್ತು ಕರೆಗೆ ಅವಳದೇ ನಂಬರು

ಆಫೀಸಿನಲ್ಲಿ ಅವಳನ್ನು ಎಲ್ಲರೂ ರಾಕೆಟ್ ಅಂತಲೇ ಕರೆಯುತ್ತಿದ್ದರು. ಬೇರೆಯವರು ಎರಡು ದಿನ ಕೂತು ಕಟ್ಟುವ ವೆಬ್‌ಸೈಟಿನ ಪುಟವನ್ನು ಅವಳು ಊಟದ ಹೊತ್ತಿಗೆ ಮುಗಿಸಿ ಡಬ್ಬಿ ಬಿಚ್ಚಿ ಕೂತಿರುತ್ತಿದ್ದಳು. ಆ ಹೆಸರು ಕೇಳಿದರೆ ಅವಳಿಗೆ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ.

ಅವಳ ಎದುರಿನ ಮೇಜಿನವರ ಅಡ್ಡಹೆಸರು ಭೂತಗನ್ನಡಿ. ಐವತ್ತು ದಾಟಿದ ಮನುಷ್ಯ. ಯಾರೇ ಪುಟ ಕಟ್ಟಲಿ, ಇವರ ಕಣ್ಣು ಬೀಳದೆ ಅದು ಜನರ ಮುಂದೆ ಹೋಗುವಂತಿಲ್ಲ, ಅದು ಆ ಆಫೀಸಿನ ಕಟ್ಟುನಿಟ್ಟು. ಒಂದೊಂದು ಬಟನ್ನೂ ಒತ್ತಿ ನೋಡುವರು, ಒಂದೊಂದು ವಿಳಾಸವನ್ನೂ ಗಟ್ಟಿಯಾಗಿ ಓದುವರು. ಪುಟದಲ್ಲಿ ಫೋನ್ ನಂಬರಿದ್ದರಂತೂ ತಾವೇ ಕರೆ ಮಾಡಿ, "ಯಾರು ಮಾತಾಡೋದು?" ಅಂತ ವಿಚಾರಿಸುವರು. ಇದ್ಯಾವ ಹುಚ್ಚಪ್ಪಾ ಅಂತ ಎಲ್ಲರೂ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಮ್ಮ ರಾಕೆಟ್.

ಕಳೆದ ಸೋಮವಾರ ಅವರು ಅವಳ ಪುಟದಲ್ಲಿ ಹನ್ನೊಂದು ತಪ್ಪು ಹುಡುಕಿ, ಎಲ್ಲರೆದುರಿಗೇ ಒಂದೊಂದಾಗಿ ಓದಿದ್ದರು. ಹಾಗೆ ಓದಬಾರದಿತ್ತು, ಅದು ಅವರ ತಪ್ಪೇ. ಅವತ್ತಿನಿಂದ ಇವಳು ಮುಖ ಊದಿಸಿಕೊಂಡು, ನಾಲ್ಕು ದಿನ ಅವರ ಹತ್ತಿರ ಒಂದು ಮಾತೂ ಆಡಿರಲಿಲ್ಲ.

ಶುಕ್ರವಾರ ಒಂದು ಆಸ್ಪತ್ರೆಯ ತುರ್ತು ಸೇವೆಯ ಪುಟ ಹೋಗಬೇಕಿತ್ತು. ಕೆಂಪು ಬಟನ್ ಒಂದು. ಮೊಬೈಲಿನಲ್ಲಿ ಅದನ್ನು ಒತ್ತಿದರೆ ಆಂಬುಲೆನ್ಸಿಗೆ ಕರೆ ಹೋಗಬೇಕು. ಇವಳು ಕೆಲಸ ಶುರು ಮಾಡಿದಾಗ ಆಸ್ಪತ್ರೆಯವರು ನಂಬರು ಕೊಟ್ಟಿರಲಿಲ್ಲ. ಕರೆ ಹೋಗುತ್ತದೋ ಇಲ್ಲವೋ ನೋಡೋಣ ಅಂತ ತನ್ನ ಮೊಬೈಲ್ ನಂಬರನ್ನೇ ಹಾಕಿದ್ದಳು. ಆಫೀಸಿನ ಮೊಬೈಲಿನಲ್ಲಿ ಒತ್ತಿದಳು, ಬ್ಯಾಗಿನೊಳಗಿನ ತನ್ನ ಫೋನು ರಿಂಗಾಯಿತು, ಭೇಷ್ ಅಂದುಕೊಂಡಳು. ಮರುದಿನ ಸರಿಯಾದ ನಂಬರು ಮೇಲ್‌ನಲ್ಲಿ ಬಂತು. ಓದಿದಳು, ಹಾಕಲು ಮರೆತಳು. ಶುಕ್ರವಾರ ಬೆಳಿಗ್ಗೆ ಹನ್ನೊಂದೂವರೆಗೆ, ಆ ಮನುಷ್ಯನ ಮುಂದೆ ಮತ್ತೆ ಯಾರು ಕೈಕಟ್ಟಿ ನಿಲ್ಲುತ್ತಾರೆ ಅಂತ, ಯಾರಿಗೂ ತೋರಿಸದೆ ಪುಟವನ್ನು ಏರಿಸಿಬಿಟ್ಟಳು. ಆಮೇಲೆ ಫೋನಿನ ಬಾಯಿ ಮುಚ್ಚಿಸಿ ಮೀಟಿಂಗಿಗೆ ಹೋದಳು.

ಒಂದೂವರೆಗೆ ಹೊರಗೆ ಬಂದು ನೋಡಿದರೆ ನಾಲ್ಕು ಮಿಸ್ಡ್ ಕಾಲ್. ನಾಲ್ಕೂ ಗೊತ್ತಿಲ್ಲದ ಒಂದೇ ನಂಬರಿನಿಂದ. ಹನ್ನೆರಡು ಹತ್ತಕ್ಕೆ ಒಂದು, ಹನ್ನೆರಡು ಹನ್ನೊಂದಕ್ಕೆ ಒಂದು, ಹನ್ನೆರಡು ಹದಿನಾಲ್ಕಕ್ಕೆ ಒಂದು, ಹನ್ನೆರಡು ಇಪ್ಪತ್ತೆಂಟಕ್ಕೆ ಕೊನೆಯದು. ಯಾವುದೋ ಲೋನಿನವರಿರಬೇಕು ಅಂದುಕೊಳ್ಳುವಷ್ಟರಲ್ಲಿ ಆ ಕೆಂಪು ಬಟನ್ ನೆನಪಾಯಿತು. ಓಡಿ ಹೋಗಿ ಪುಟ ತೆರೆದಳು. ಕೆಂಪು ಬಟನ್ನಿನ ಕೆಳಗೆ ಅವಳದೇ ಹತ್ತು ಅಂಕಿ.

ಮೇಲ್ ತೆರೆದು ಸರಿಯಾದ ನಂಬರು ಹಾಕಲು ಮೂರು ಸಲ ಬೇಕಾಯಿತು. ಹಾಕಿದಳು. ಆಯಿತಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಫೋನಿನಿಂದ ಆ ನಾಲ್ಕು ಸಾಲು ಅಳಿಸಿದರೆ ಮುಗಿಯಿತು. ಬೆರಳು ಅಳಿಸುವ ಜಾಗದ ಮೇಲೆ ಹೋಗಿಯೂ ಹೋಯಿತು. ಆದರೆ ಮೂರನೆಯ ಕರೆಗೂ ಕೊನೆಯದಕ್ಕೂ ನಡುವೆ ಹದಿನಾಲ್ಕು ನಿಮಿಷದ ಬಿಡುವಿತ್ತು. ಆ ಹದಿನಾಲ್ಕು ನಿಮಿಷ ಅಲ್ಲಿ ಏನು ನಡೆಯುತ್ತಿತ್ತು?

ಮೆಟ್ಟಿಲ ಹತ್ತಿರ ಹೋಗಿ ಆ ನಂಬರಿಗೆ ಕರೆ ಮಾಡಿದಳು. ಸ್ವಿಚ್ ಆಫ್. ಮತ್ತೆ ಮಾಡಿದಳು. ಸ್ವಿಚ್ ಆಫ್. ಮೆಟ್ಟಿಲ ಮೇಲೆಯೇ ಕೂತಳು. ಯಾರೋ ಸತ್ತಿದ್ದಾರೆ, ನಾನೇ ಕೊಂದೆ ಅನ್ನುವ ಮಾತು ತಲೆಯೊಳಗೆ ಕೂತುಬಿಟ್ಟಿತು, ಏನು ಮಾಡಿದರೂ ಏಳಲಿಲ್ಲ.

ಕೊನೆಗೆ ಅವಳು ಹೋಗಿದ್ದು ಭೂತಗನ್ನಡಿಯ ಮೇಜಿಗೇ. ಬೇರೆ ಯಾರ ಹತ್ತಿರ ಹೋಗಬೇಕೆಂದೂ ಹೊಳೆಯಲಿಲ್ಲ.

"ಸರ್," ಎಂದಳು. ಫೋನನ್ನೇ ಅವರ ಮುಂದೆ ಇಟ್ಟಳು, ಆಮೇಲೆ ತಡವರಿಸುತ್ತ ಎಲ್ಲ ಹೇಳಿದಳು.

ಬೈಯುತ್ತಾರೆ ಅಂತ ಕಾದಳು. ಅವರು ಕನ್ನಡಕ ಸರಿಮಾಡಿಕೊಂಡು, "ಈಗ ಪುಟದಲ್ಲಿ ಯಾವ ನಂಬರಿದೆ?" ಎಂದರು.

"ಸರಿಯಾದದ್ದು."

"ಕರೆ ಮಾಡಿ ನೋಡಿದೆಯಾ?"

ಇಲ್ಲ, ಈಗಲೂ ಮಾಡಿರಲಿಲ್ಲ. ಅವರೇ ಬಟನ್ ಒತ್ತಿದರು, ಆಸ್ಪತ್ರೆಯವರು ಎತ್ತಿದರು. ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಅವರಿಗೂ ಹೇಳಿದರು. ಆಮೇಲೆ ಪುಟದ ದಾಖಲೆ ತೆಗೆದು ಬೆರಳಿಟ್ಟು ತೋರಿಸಿದರು: ತಪ್ಪು ನಂಬರಿದ್ದ ಎರಡು ಗಂಟೆಯಲ್ಲಿ ಆ ಬಟನ್ ಒತ್ತಿದ್ದು ನಾಲ್ಕೇ ಸಲ. "ಹಾಗಾದ್ರೆ ಕರೆ ಮಾಡಿದ್ದು ಒಬ್ಬರೇ," ಎಂದರು. "ಸೋಮವಾರ ನಾನು ಹಂಗೆ ಓದದೇ ಇದ್ದಿದ್ರೆ ನೀನು ಇದನ್ನ ನನಗೆ ತೋರಿಸ್ತಿದ್ದೆ, ಅಲ್ವಾ?"

ಅವಳು ಉತ್ತರ ಕೊಡುವ ಮುಂಚೆ ಮೇಜಿನ ಮೇಲಿದ್ದ ಫೋನು ಸದ್ದಿಲ್ಲದೆ ಬೆಳಗಿತು. ಅದೇ ನಂಬರು. ಅವಳು ತಟ್ಟನೆ ಎತ್ತಿದಳು.

"ಆಂಬುಲೆನ್ಸಿನವರಾ?" ಗಂಡಸಿನ ದನಿ, ದಣಿದದ್ದು. "ಚಾರ್ಜ್ ಮುಗಿದಿತ್ತು, ಈಗ ಹಾಕ್ದೆ. ನೀವು ಕರೆ ಮಾಡಿದ್ರಿ ಅಂತ ಮೆಸೇಜ್ ಬಂದಿದೆ. ನಾನೊಬ್ಬ ದರ್ಜಿ. ನಮ್ಮಕ್ಕ ಅಂಗಡೀಲೇ ಕುಸಿದುಬಿಟ್ಳು, ಬಾಯಿ ಸೊಟ್ಟಗಾಯ್ತು. ನಿಮಗೆ ಮೂರು ಸಲ ಮಾಡ್ದೆ. ನಮಗಿಂತ ಕಷ್ಟದಲ್ಲಿರೋರು ಇರ್ತಾರೆ, ಅವರ ಹತ್ರ ಮಾತಾಡ್ತಿರಬೇಕು ಅಂತ ಸ್ವಲ್ಪ ಹೊತ್ತು ಕಾದೆ. ಇನ್ನೊಂದು ಸಲ ಮಾಡ್ದೆ, ಎತ್ತಲಿಲ್ಲ, ಆಮೇಲೆ ಪಕ್ಕದಂಗಡಿಯವರ ಗಾಡೀಲಿ ನಿಮ್ಮ ಆಸ್ಪತ್ರೆಗೇ ಕರ್ಕೊಂಡು ಬಂದೆ."

"ಅಣ್ಣ, ಇದು ಆಂಬುಲೆನ್ಸ್ ನಂಬರಲ್ಲ. ನನ್ನದು. ಪುಟ ಮಾಡಿದವಳು ನಾನು. ಮರೆತು ನನ್ನ ನಂಬರೇ ಬಿಟ್ಟಿದ್ದೆ," ಎಂದಳು.

ಆ ಕಡೆ ಗಾಲಿ ಉರುಳುವ ಶಬ್ದ, ಯಾರೋ ಯಾರನ್ನೋ ಕೂಗುವುದು ಕೇಳಿಸಿತು. "ಡಾಕ್ಟ್ರು ಬಂದ್ರು," ಎಂದು ದರ್ಜಿ ಕರೆ ಕತ್ತರಿಸಿದ.

ಫೋನನ್ನು ಇಬ್ಬರ ನಡುವೆ ಇಟ್ಟುಕೊಂಡು ಕೂತರು. ರಿಂಗಿನ ಸದ್ದನ್ನು ಅವಳು ಪೂರ್ತಿ ಏರಿಸಿದ್ದಳು. ಭೂತಗನ್ನಡಿ ಒಂದು ಲೋಟ ನೀರು ತಂದಿಟ್ಟರು, ಅವಳು ಮುಟ್ಟಲಿಲ್ಲ. ಆ ಮುಕ್ಕಾಲು ಗಂಟೆ ಹೇಗೆ ಕಳೆಯಿತೆಂದು ಕೇಳಿದರೆ ಅವಳು ಈಗಲೂ ಮಾತು ಬದಲಿಸುತ್ತಾಳೆ.

ರಿಂಗಾಯಿತು. ಪೂರ್ತಿ ಒಂದು ರಿಂಗೂ ಆಗಲು ಬಿಡದೆ ಎತ್ತಿದಳು.

"ಜೀವಕ್ಕೆ ಭಯ ಇಲ್ಲವಂತೆ," ಎಂದ ದರ್ಜಿ. ಅವಳ ಕಣ್ಣಲ್ಲಿ ಬಳಬಳನೆ ನೀರು ಬಂತು. ಆದರೆ ಅವನ ಮಾತು ಮುಗಿದಿರಲಿಲ್ಲ. "ಬಲಗೈ ಏಳ್ತಿಲ್ಲ. ಮುಂದೆ ಏಳುತ್ತೋ ಇಲ್ವೋ ಹೇಳಕ್ಕಾಗಲ್ಲ, ಇನ್ನೂ ಬೇಗ ತರಬೇಕಿತ್ತು ಅಂದ್ರು. ಅಂಗಡೀಲಿ ಕೈಹೊಲಿಗೆಯೆಲ್ಲ ಅಕ್ಕನದೇ. ಎಚ್ಚರ ಆದಾಗಿನಿಂದ ಒಂದೇ ಕೇಳ್ತಿದ್ದಾಳೆ, ಯಾಕೆ ಇಷ್ಟು ತಡ ಮಾಡ್ದೆ ಅಂತ. ಏನು ಹೇಳ್ಲಿ ನಾನು?"

ಅವಳು ಭೂತಗನ್ನಡಿಯ ಮುಖ ನೋಡಿದಳು. ಅವರು ಆಗಲೇ ಎದ್ದು ಚಪ್ಪಲಿ ಮೆಟ್ಟುತ್ತಿದ್ದರು.

"ನೀವೇನೂ ಹೇಳಬೇಡಿ ಅಣ್ಣ," ಎಂದಳು. "ನಾನೇ ಬಂದು ಹೇಳ್ತೀನಿ."

ಫೋನು ಕೈಯಲ್ಲೇ ಹಿಡಿದು ಅವರ ಹಿಂದೆ ಹೊರಟಳು. ಒಂದೊಂದೇ ಮೆಟ್ಟಿಲು ನೋಡಿಕೊಂಡು, ನಿಧಾನವಾಗಿ ಇಳಿದಳು.