ಅಕ್ಕೋರ ತಕರಾರು

ನನಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ರಾಮದುರ್ಗದ ನಮ್ಮ ಓಣಿಯಲ್ಲಿ ಹೆಸರಿದೆ. ಅದನ್ನು ಯಾರೂ ಹೊಗಳಿಕೆಯಾಗಿ ಹೇಳುವುದಿಲ್ಲ. ಇಪ್ಪತ್ತೆಂಟು ವರ್ಷ ಕನ್ನಡ ಶಾಲೆಯ ಮಕ್ಕಳ ಪಾಟಿ ತಿದ್ದಿದ ಟೀಚರು, ಊರವರ ಬಾಯಲ್ಲಿ ಅಕ್ಕೋರು, ನಾನು; ತಪ್ಪು ಕಂಡರೆ ಬಾಯಿ ತಾನಾಗಿಯೇ ತೆರೆಯುತ್ತದೆ. ನಮ್ಮ ಕಡೆ ಒಬ್ಬರ ಮನೆಯಲ್ಲಿ ಉಂಡೆದ್ದರೆ "ಚಲೋ ಆಗೇತಿ" ಎಂದು ಹೇಳಿಯೇ ಕೈ ತೊಳೆಯಬೇಕು. ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದರೂ ಅದೇ ಮಾತು. ಆ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗಾಗಿ ನನ್ನನ್ನು ಊಟಕ್ಕೆ ಕರೆಯುವವರು ಕಡಿಮೆ.

ಕರೆದು, ಕೂಡಿಸಿ, ಕುಡಿಯಲು ಕೊಟ್ಟು, "ಏನ ತಪ್ಪೈತಿ ಹೇಳ್ರಿ ಅಕ್ಕೋರ" ಎಂದು ಕೇಳುತ್ತಿದ್ದವರು ಒಬ್ಬರೇ. ಪಕ್ಕದ ಮನೆಯ ಬಾಬಾಜಾನ ಅತ್ತಾರ.

ಪೇಟೆಯಲ್ಲಿ ಅವರದು ಅತ್ತರಿನ ಸಣ್ಣ ಅಂಗಡಿ. ಬೇಸಿಗೆ ಬಂತೆಂದರೆ ಮನೆಯಲ್ಲೇ ಶರಬತ್ತು ಮಾಡಿ ಬಾಟಲಿ ತುಂಬುತ್ತಿದ್ದರು. ಗುಲಾಬಿ ಶರಬತ್ತು ಕೆಂಪು, ಲಾವಂಚದ ಬೇರಿನ ಖಸ್ ಶರಬತ್ತು ಹಸಿರು, ಆ ವರ್ಷ ಒಳ್ಳೆಯ ಹಣ್ಣು ಸಿಕ್ಕಿದರೆ ಕರಿದ್ರಾಕ್ಷಿಯದೊಂದು. ಸುತ್ತಲಿನ ಮದುವೆಗಳಿಗೆ, ಯರಗಟ್ಟಿ, ಮುನವಳ್ಳಿಯ ಅಂಗಡಿಗಳಿಗೆ ಅವು ಹೋಗುತ್ತಿದ್ದವು. ಬಾಟಲಿ ಊರು ಬಿಡುವ ಮೊದಲು, ಏಪ್ರಿಲಿನ ಒಂದು ಸಂಜೆ, ನಾಲ್ಕು ಜನರನ್ನು ಮಾಳಿಗೆಯ ಮೇಲೆ ಕರೆದು ರುಚಿ ತೋರಿಸುವುದು ಅವರ ರೂಢಿ.

ಮೊದಲ ಸಲ ನನ್ನನ್ನು ಕರೆದದ್ದು ತೊಂಬತ್ನಾಲ್ಕರಲ್ಲಿ. ಎಲ್ಲರೂ ಚಲೋ ಆಗೇತಿ ಅಂದರು. ನಾನು, "ಗುಲಾಬಿ ಭಾಳಾಗೇತಿ. ಮದುಮಗನ ಕರವಸ್ತ್ರಾ ಬಾಯಾಗಿಟ್ಟಾಂಗ ಆಗತೈತಿ" ಎಂದೆ. ನನ್ನ ಯಜಮಾನರು ನನ್ನ ಕಾಲು ತುಳಿದರು. ಬಾಬಾಜಾನರು ಮಾತ್ರ ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ತಲೆಯಾಡಿಸಿ, ಇಡೀ ಹಂಡೆಯನ್ನು ಮತ್ತೆ ಸರಿಮಾಡಿದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಕೊನೆಯ ಗ್ಲಾಸು ನನಗೆ. ನನ್ನ ತಕರಾರು ಕೇಳಿ, ಸರಿಮಾಡಿ, ಆಮೇಲೆಯೇ ಬೂಚು ಬಿಗಿಯುತ್ತಿದ್ದರು. ನನ್ನ ಬಾಯಿಗೆ ಬೆಲೆ ಕೊಟ್ಟ ಮನುಷ್ಯ ಎಂದು ನನಗೆ ಅವರ ಮೇಲೆ ಪ್ರೀತಿ ಇತ್ತು. ಇದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

ಅವರ ಮೂಗು ಎಂಥದ್ದೆಂದರೆ, ಮನೆಯಲ್ಲಿಟ್ಟ ಕಟ್ಟಿಗೆಯ ಪೆಟ್ಟಿಗೆಯಲ್ಲಿ ಹೂವು ಬೇರುಗಳಿಂದ ಭಟ್ಟಿ ಇಳಿಸಿದ ಅರ್ಕ ಹದಿನೆಂಟು ಬಾಟಲಿ ಇದ್ದರೂ ಒಂದಕ್ಕೂ ಚೀಟಿ ಇರಲಿಲ್ಲ. ಎಲ್ಲವೂ ನೀರಿನಂತೆ ಬೆಳ್ಳಗೆ; ಶರಬತ್ತಿನ ಬಣ್ಣ ಬೇರೆಯಾಗಿ ಬೆರೆಸುವುದು. ಗುಲಾಬಿ ಯಾವುದು, ಖಸ್ ಯಾವುದು, ಕೇದಗಿ ಯಾವುದು ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ. ಅವರು ಬೂಚು ತೆಗೆದು ಮೂಗಿನ ಮುಂದೆ ಒಮ್ಮೆ ಆಡಿಸಿದರೆ ಸಾಕಿತ್ತು. "ಹೆಸರ ಬರದ ಇಟ್ರ ಮೂಗು ಮೈಗಳ್ಳ ಆಕ್ಕೈತ್ರಿ" ಎನ್ನುತ್ತಿದ್ದರು.

ನಾನು ಹೇಳಹೊರಟಿರುವುದು ಎರಡು ಸಾವಿರದ ಆರನೆಯ ಇಸವಿಯ ಸಂಜೆಯ ಮಾತು. ಆ ವರ್ಷ ಅವರ ತಮ್ಮನ ಮಗ ಸಾಜಿದ್ ಪುಣೆಯಿಂದ ಬಂದಿದ್ದ. ಅಲ್ಲಿ ಬಾಡಿಗೆ ಜೀಪು ಓಡಿಸುವವನು. ದೊಡ್ಡ ಮಂದಿಯನ್ನು ನಾಶಿಕದ ದ್ರಾಕ್ಷಿ ತೋಟಗಳಿಗೆ ಕರೆದೊಯ್ಯುತ್ತಿದ್ದ. ಅಲ್ಲಿ ವೈನ್ ರುಚಿ ನೋಡುವುದಕ್ಕೇ ಒಂದು ಶಾಸ್ತ್ರ ಇದೆಯೆಂದು ಅವನು ವರ್ಣಿಸಿದ.

"ಒಮ್ಮೆಲೆ ಕುಡಿಯೂದಿಲ್ರಿ. ಗ್ಲಾಸ ಬೆಳಕಿಗೆ ಹಿಡದು ಬಣ್ಣಾ ನೋಡ್ತಾರ. ಆಮ್ಯಾಲ ಗ್ಲಾಸ ತಿರಿಗಿಸಿ ವಾಸನಿ ತಗೋತಾರ. ಆಮ್ಯಾಲ ಒಂದ ಗುಟುಕು. ಬಾಯಾಗ ಆಡಿಸಿ ಉಗುಳಿಬಿಡ್ತಾರ."

"ಮನಿಗೆ ಕರದು ಉಗುಳಸೂದೇನೋ?" ಎಂದರು ಬಾಬಾಜಾನರು. "ಉಗುಳೂದೊಂದ ಬಿಟ್ಟು ಉಳಿದದ್ದೆಲ್ಲಾ ಮಾಡೂಣು. ವಾಸನಿ ಮಾತ್ರ ಎಲ್ಲಾರೂ ಬರೋಬ್ಬರಿ ತಗೋಬೇಕು."

ವಾಸನೆಯ ವಿಷಯವನ್ನು ಅವರು ಎರಡು ಸಲ ಹೇಳಿದರು. ಏಕೆಂದು ನಾನು ಆಗ ಯೋಚಿಸಲಿಲ್ಲ.

ಬಿಸಿಲು ಇಳಿದಿತ್ತು. ಮಾಳಿಗೆಗೆ ನೀರು ಚಿಮುಕಿಸಿ ಜಮಖಾನೆ ಹಾಸಿದ್ದರು. ಬಂದವರು ನಾಲ್ಕೇ ಜನ: ನಾನು, ಹಿಂದಿನ ಮನೆಯ ದೇವಕ್ಕ, ಯರಗಟ್ಟಿಯಲ್ಲಿ ಅಂಗಡಿ ಇಟ್ಟಿರುವ ಭೀಮಶಿ, ಮತ್ತು ಸಾಜಿದ್. ಮರುದಿನ ಮುಂಜಾನೆ ಟೆಂಪೋದಲ್ಲಿ ಬಾಟಲಿ ಒಯ್ಯುವವನು ಭೀಮಶಿಯೇ. ಅವನ ಗಲ್ಲದಲ್ಲಿ ಸದಾ ತಂಬಾಕು. ಅವನಿಗೆ ಸೀಮೆಎಣ್ಣೆ ಕುಡಿಸಿದರೂ ಫಸ್ಟ್ ಕ್ಲಾಸ್ ಎನ್ನುತ್ತಾನೆ. ಬಾಬಾಜಾನರ ಹೆಂಡತಿ ನೂರಬಿ ಕೆಳಗೆ ಚುರುಮುರಿಯ ಗಿರ್ಮಿಟ್ಟಿಗೆ ಉಳ್ಳಾಗಡ್ಡಿ ಹೆಚ್ಚಿಟ್ಟು, ಮೆಟ್ಟಿಲ ತುದಿಯಲ್ಲಿ ಬಂದು ನಿಂತರು.

ಮೊದಲು ಕರಿದ್ರಾಕ್ಷಿ. ಎಲ್ಲರೂ ಸಾಜಿದ್ ಹೇಳಿದಂತೆ ಗ್ಲಾಸನ್ನು ಮುಳುಗುವ ಸೂರ್ಯನಿಗೆ ಹಿಡಿದೆವು. ತಿರುಗಿಸುವಾಗ ದೇವಕ್ಕ ಅರ್ಧ ಗ್ಲಾಸು ಸೀರೆಗೆ ಚೆಲ್ಲಿಕೊಂಡಳು. ವಾಸನೆ ತೆಗೆದುಕೊಂಡು ಕುಡಿದೆವು. ಮೂವರೂ ಚಲೋ ಆಗೇತಿ ಅಂದರು.

"ಹಿಂಡುವಾಗ ಬೀಜ ಒಡದಾವು" ಎಂದೆ ನಾನು. "ಹಿಂದಿಂದ ಒಗರ ಬರತೈತಿ."

ಬಾಬಾಜಾನರ ಮುಖ ಅರಳಿತು. ಕಿಸೆಯಿಂದ ಚೀಟಿ ತೆಗೆದು ಬರೆದುಕೊಂಡರು. ಹನ್ನೆರಡು ವರ್ಷದಿಂದ ಹೀಗೆಯೇ ನಡೆದಿತ್ತು.

ಆಮೇಲೆ ಕೆಂಪು ಗ್ಲಾಸು ಬಂತು. ಬೆಳಕಿಗೆ ಹಿಡಿದೆ, ಬಣ್ಣ ಚೆನ್ನಾಗಿತ್ತು. ತಿರುಗಿಸಿ ಮೂಗಿನ ಹತ್ತಿರ ತಂದೆ. ಗುಲಾಬಿ ಇರಲಿಲ್ಲ. ಹೊಸ ಗಡಿಗೆಗೆ ಮೊದಲ ಸಲ ನೀರು ಹಾಕಿದಾಗ ಏಳುತ್ತದಲ್ಲ, ಆ ತಂಪು ಮಣ್ಣಿನ ವಾಸನೆ. ಖಸ್. ಕೆಂಪು ಶರಬತ್ತಿನಲ್ಲಿ ಖಸ್ ಅರ್ಕ ಬಿದ್ದಿತ್ತು.

ತಲೆ ಎತ್ತಿ ನೋಡಿದೆ. ದೇವಕ್ಕನ ಹುಬ್ಬು ಮೇಲೇರಿ ಮತ್ತೆ ಕೆಳಗಿಳಿಯಿತು. "ಬ್ಯಾರೆ ಥರಾ ಐತಿ. ಚಲೋ ಐತಿ" ಎಂದಳು. ಭೀಮಶಿ ಫಸ್ಟ್ ಕ್ಲಾಸ್ ಎಂದ. ಸಾಜಿದ್ ಚಿಕ್ಕಂದಿನಿಂದ ಆ ಅಂಗಡಿಯಲ್ಲಿ ಆಡಿದವನು, ಅವನಿಗೆ ತಿಳಿಯದೆ ಇರಲು ಸಾಧ್ಯವೇ ಇಲ್ಲ. ದೊಡ್ಡಪ್ಪನ ಮುಖವನ್ನೊಮ್ಮೆ ನೋಡಿ, "ಮಸ್ತ್ ಆಗೇತ್ರಿ" ಎಂದು ಗ್ಲಾಸಿನ ತಳ ನೋಡುತ್ತ ಕುಳಿತ. ಬಾಬಾಜಾನರೂ ತಮ್ಮ ಗ್ಲಾಸನ್ನು ಮೂಗಿಗೆ ಹಿಡಿದಿದ್ದರು. ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಎಂದಿನಂತೆ ತಲೆಯಾಡಿಸಿದರು. ಖಸ್ ಅನ್ನು ಮೂಗಿನಡಿ ಹಿಡಿದು ಗುಲಾಬಿಗೆ ತಲೆಯಾಡಿಸುತ್ತಿದ್ದರು.

ಆಗ ನನಗೆ ತಿಳಿಯಿತು. ಜನವರಿಯಲ್ಲಿ ಅವರಿಗೆ ಕೆಟ್ಟ ಜ್ವರ ಬಂದು ಇಪ್ಪತ್ತು ದಿನ ಹಾಸಿಗೆ ಹಿಡಿದಿದ್ದರು. ಎದ್ದ ಮೇಲೆ ಒಮ್ಮೆ ಅವರ ಮನೆಯಲ್ಲಿ ಹಾಲು ಹೊತ್ತಿ ವಾಸನೆ ನಮ್ಮ ಮನೆಯವರೆಗೂ ಬಂದಿತ್ತು. ಒಲೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಅವರು ಸುಮ್ಮನೆ ಪೇಪರು ಓದುತ್ತ ಕೂತಿದ್ದರು. ಜ್ವರ ಮೂಗನ್ನು ಒಯ್ದಿತ್ತು. ಅತ್ತಾರನ ಮೂಗು ಹೋಯಿತೆಂದರೆ ಇನ್ನೇನು ಉಳಿಯಿತು?

ಮೆಟ್ಟಿಲ ತುದಿಯಲ್ಲಿ ನೂರಬಿ ನನ್ನನ್ನೇ ನೋಡುತ್ತಿದ್ದರು. ಎರಡೂ ಕೈ ಎದೆಯ ಹತ್ತಿರ ಹಿಡಿದು, ಕಣ್ಣಲ್ಲೇ ಏನನ್ನೋ ಬೇಡುತ್ತಿದ್ದರು. ಹೇಳಬೇಡಿ ಎನ್ನುತ್ತಿದ್ದಾರೆ ಎಂದುಕೊಂಡೆ. ನಾಲ್ಕು ಜನರ ಮುಂದೆ ನನ್ನ ಗಂಡನ ಮಾನ ತೆಗೆಯಬೇಡಿ ಎನ್ನುತ್ತಿದ್ದಾರೆ ಎಂದುಕೊಂಡೆ.

"ಅಕ್ಕೋರ?" ಎಂದರು ಬಾಬಾಜಾನರು. ಚೀಟಿ ಕೈಯಲ್ಲಿಯೇ ಇತ್ತು.

"ಚಲೋ ಆಗೇತಿ" ಎಂದೆ.

ಅವರು ಏನೂ ಬರೆಯಲಿಲ್ಲ. ಹಸಿರು ಗ್ಲಾಸು ಬಂತು. ಅದರಲ್ಲಿ ಗುಲಾಬಿ ಇತ್ತು, ಘಮ್ಮೆನ್ನುವ ಗುಲಾಬಿ. "ಇದೂ ಚಲೋ ಆಗೇತಿ" ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸುಲಭವಾಗಿ ಬಂತು, ಅದಕ್ಕೇ ನನಗೆ ಹೇಸಿಗೆಯಾಯಿತು.

ಬಾಬಾಜಾನರು ಚೀಟಿಯನ್ನು ಮಡಚಿ ಕಿಸೆಗೆ ಹಾಕಿದರು. "ಕೆಳಗ ಗಿರ್ಮಿಟ್ ಐತಿ, ನಡೀರಿ ಎಲ್ಲಾರೂ. ಅಕ್ಕೋರ, ನೀವೊಂದೀಟು ಕೂಡ್ರಿ" ಎಂದರು. ಉಳಿದವರು ಇಳಿದು ಹೋದರು. ಭೀಮಶಿ ಹೋಗುವಾಗ, "ಮುಂಜಾನೆ ಆರಕ್ಕ ಟೆಂಪೋ ತರತೇನ್ರಿ" ಎಂದ.

ಮಾಳಿಗೆಯ ಮೇಲೆ ನಾವಿಬ್ಬರು, ಮೆಟ್ಟಿಲಲ್ಲಿ ನೂರಬಿ.

"ಹನ್ನೆರಡ ವರ್ಷದಾಗ ನೀವು ಒಮ್ಮೆನೂ ಚಲೋ ಆಗೇತಿ ಅಂದಿಲ್ಲ" ಎಂದರು ಬಾಬಾಜಾನರು. "ಇವತ್ತ ಎರಡ ಸಲ ಅಂದ್ರಿ. ಅಷ್ಟ ಕೆಟ್ಟೈತೇನ್ರಿ?"

ನಾನು ಕೈಯಲ್ಲಿದ್ದ ಹಸಿರು ಗ್ಲಾಸನ್ನು ಜಮಖಾನೆಯ ಮೇಲಿಟ್ಟೆ.

"ಜ್ವರಾ ಬಂದಾಗಿಂದ ನನಗ ಏನೂ ವಾಸನಿ ಬರೂದಿಲ್ರಿ. ಡಾಕ್ಟರು ಬಂದ್ರೂ ಬರಬಹುದು, ಬರದೇನೂ ಇರಬಹುದು ಅಂದಾರ. ಪೆಟ್ಟಿಗ್ಯಾಗ ಯಾವ ಬಾಟ್ಲಿ ಎಲ್ಲಿರತೈತಿ ಅನ್ನೂ ನೆನಪಿನ ಮ್ಯಾಲ ಮಾಡೇನಿ. ಬರೋಬ್ಬರಿ ಆಗೇತೋ ಇಲ್ಲೋ ಯಾರಿಗೆ ಕೇಳಲಿ? ಕೇಳಿದ್ರ ನಾಳೆ ಪ್ಯಾಟಿತುಂಬ ಮಾತಾಕ್ಕೈತಿ. ಅದಕ್ಕ ಅಂದ್ಕೊಂಡೆ, ಎಲ್ಲಾರನೂ ಕರೀಬೇಕು, ಉಳದವ್ರು ಏನರೆ ಅನ್ನಲಿ, ಅಕ್ಕೋರು ಖರೆ ಹೇಳ್ತಾರ. ನಿಮ್ಮ ಒಬ್ಬರ ಸಲುವಾಗಿ ಇಷ್ಟೆಲ್ಲಾ ಮಾಡಿದೆ."

ನನ್ನ ಬದುಕಿನಲ್ಲಿ ನನಗೆ ಅಷ್ಟು ನಾಚಿಕೆ ಇನ್ನೊಮ್ಮೆ ಆಗಿಲ್ಲ. ಯಾರಿಗೂ ಬೇಡದ ನನ್ನ ಬಾಯಿಯನ್ನು ನಂಬಿ ಕೂತ ಒಬ್ಬ ಮನುಷ್ಯನಿಗೆ, ಅದು ಬೇಕಾದ ಒಂದೇ ದಿನ, ನಾನು ಊರವರ ಮಾತು ಹೇಳಿದ್ದೆ. ಕರುಣೆಯಿಂದ ಹೇಳಿದೆ ಎನ್ನಬಹುದು. ಆ ಕರುಣೆಯಿಂದಲೇ ಮರುದಿನ ಅವರ ಮೂವತ್ತು ವರ್ಷದ ಹೆಸರು ಟೆಂಪೋ ಹತ್ತಿ ಹೋಗುತ್ತಿತ್ತು.

"ಕೆಂಪದರಾಗ ಖಸ್ ಐತ್ರಿ ಭಾಯಿ" ಎಂದೆ. "ಹಸರದರಾಗ ಗುಲಾಬಿ. ಅದಲಾಬದಲಿ ಆಗೇತಿ."

ನೂರಬಿ ಮೇಲೆ ಬಂದು ಗಂಡನ ಪಕ್ಕದಲ್ಲಿ ಕುಳಿತರು. "ನಂದ ತಪ್ಪು. ನೀವು ಮಲಗಿದ್ದಾಗ ಪೆಟ್ಟಿಗಿ ಒರಿಸಿ ಬಾಟ್ಲಿ ತಿರಿಗಿ ಇಟ್ಟೆ. ಹೆಂಗಿದ್ದೂವೋ ಹಂಗ ಇಟ್ಟೇನಿ ಅಂದ್ಕೊಂಡಿದ್ದೆ. ಹಂಡೆದಾಗ ಹಾಕಿದ ಮ್ಯಾಲ ವಾಸನಿ ಗೊತ್ತಾತು. ಹೇಳಾಕ ಬಾಯಿ ಬರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನೀವರೆ ಹೇಳ್ರಿ ಅಂತ ಕೈ ಮುಗದೆ, ಅಕ್ಕೋರ. ನೀವು ನನ್ನ ನೋಡಿದ ಮ್ಯಾಲನ ಸುಮ್ಮಕಾದ್ರಿ."

ಬಾಬಾಜಾನರು ಮೆಟ್ಟಿಲ ಹತ್ತಿರ ಹೋಗಿ ಕೆಳಗೆ ಕೂಗಿ ಹೇಳಿದರು. "ಭೀಮಶಿ, ನಾಳೆ ಬ್ಯಾಡಪಾ. ಇನ್ನೊಂದ ಎಂಟ ದಿನಾ ಬಿಟ್ಟು ಬಾ. ಮಾಲು ತಪ್ಪೇತಿ." ಮಾಲು ತಪ್ಪಿದೆ ಎಂಬ ಮಾತನ್ನು ಅವರು ಸ್ವಲ್ಪವೂ ತಗ್ಗಿಸದೆ ಹೇಳಿದರು. ಆಮೇಲೆ ತಾವೂ ಇಳಿದು ಹೋದರು; ಮರಳಿ ಬರುವಾಗ ಅವರ ಕೈಯಲ್ಲಿ ಆ ಕಟ್ಟಿಗೆಯ ಪೆಟ್ಟಿಗೆ ಇತ್ತು.

ನಾನು ಮನೆಗೆ ಹೋಗಿ ಹಳೆಯ ಕಾಪಿ ಪುಸ್ತಕ, ಅಂಟು ತಂದೆ. ಮಾಳಿಗೆಯ ಮೇಲೆ ಇನ್ನೂ ಬೆಳಕಿತ್ತು. ಒಂದೊಂದೇ ಬೂಚು ತೆಗೆದು ವಾಸನೆ ನೋಡಿದೆ. ಗುಲಾಬಿ, ಖಸ್, ಮಲ್ಲಿಗೆ ನನಗೆ ತಿಳಿದವು. ಕೇದಗಿಯ ಆಚೆ ನನ್ನ ಮೂಗು ಸೋತಿತು. ನೂರಬಿ ಕೈ ಚಾಚಿ ಬಾಟಲಿ ಇಸಿದುಕೊಂಡರು. "ಇದು ಹಿನಾ. ಇದು ಶಮಾಮಾ. ಇದು ಗಂಧಾ, ಹಳೇದು." ಒಂದಕ್ಕೂ ತಡವರಿಸಲಿಲ್ಲ. ಮೂವತ್ತು ವರ್ಷ ಖಾಲಿ ಬಾಟಲಿ ತೊಳೆದವರು ಅವರು. ಅವರನ್ನು ಈವರೆಗೆ ಯಾರೂ ರುಚಿ ನೋಡಲು ಕರೆದಿರಲಿಲ್ಲ, ನಾನೂ ಕರೆಯಿರಿ ಎಂದಿರಲಿಲ್ಲ. ಅವರು ಹೇಳಿದಂತೆ ನಾನು ಚೀಟಿ ಬರೆದೆ, ಬಾಬಾಜಾನರು ಅಂಟಿಸಿದರು. ಹದಿನೆಂಟನೆಯ ಚೀಟಿ ಅಂಟಿದ ಮೇಲೂ ಅವರು ಅದನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದರು. ಮೂಗಿನ ಕೆಲಸ ಕಾಗದಕ್ಕೆ ಹೋಯಿತಲ್ಲ ಎಂಬ ದುಃಖ ಅದು. ನಾವಿಬ್ಬರೂ ಕಾಣದವರಂತೆ ಬೇರೆ ಕಡೆ ನೋಡಿದೆವು.

ಎಲ್ಲ ಮುಗಿದ ಮೇಲೆ ಅವರು ಕೆಂಪು ಗ್ಲಾಸನ್ನು ಎತ್ತಿಕೊಂಡು, ಈ ಸಲ ಮೂಗಿಗೆ ಹಿಡಿಯದೆ, ನೇರ ಬಾಯಿಗೆ ಇಟ್ಟು ಅರ್ಧ ಕುಡಿದರು.

"ಮತ್ತೇನರೆ ತಪ್ಪೈತೇನ್ರಿ ಇದರಾಗ?" ಎಂದರು. ದನಿ ಸಣ್ಣದಾಗಿತ್ತು.

ಇಷ್ಟಾದ ಮೇಲೂ ಹೇಳಬೇಕೇ ಎನಿಸಿತು. ಆಮೇಲೆ ಹೇಳಿದೆ. "ಸಕ್ರಿ ಭಾಳ ಆಗೇತಿ."

ಅವರು ಗ್ಲಾಸನ್ನು ಠಕ್ಕನೆ ಕೆಳಗಿಟ್ಟರು. "ಅದೊಂದ ಹೇಳಬ್ಯಾಡ್ರಿ. ಮೂಗ ಹೋಗೇತಿ ಅಂದೇನಿ, ನಾಲಿಗಿ ಹೋಗೇತಿ ಅಂದಿಲ್ಲ. ಸಕ್ರಿ ಬರೋಬ್ಬರಿ ಐತಿ."

"ಭಾಳ ಐತ್ರಿ."

"ಬೇಸಿಗಿ ಶರಬತ್ತು ಅಂದ್ರ ಇಷ್ಟ ಇರಬೇಕ್ರಿ. ಮೂವತ್ತ ವರ್ಷಾ ಮಾಡೇನಿ, ನನಗ ಕಲಸತೀರಿ?"

ಅವರ ದನಿ ಓಣಿಗೆ ಕೇಳುವಷ್ಟು ಏರಿತ್ತು. ಜನವರಿಯಿಂದ ಅವರ ಬಾಯಲ್ಲಿ ನಾನು ಕೇಳಿರದ ದನಿ ಅದು. ನೂರಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ಹೂಜಿ ಬಗ್ಗಿಸಿ, ನನ್ನ ಗ್ಲಾಸನ್ನು ಮತ್ತೆ ತುಂಬಿ ಮುಂದಿಟ್ಟರು. ಬಾಬಾಜಾನರು ಕಿಸೆಯಿಂದ ಆ ಮಡಚಿದ ಚೀಟಿ ತೆಗೆದು, ಪೆನ್ನು ಹಿಡಿದು, ನನ್ನ ಬಾಯನ್ನೇ ನೋಡುತ್ತ ಕೂತರು.

ನಾನು ಗುಟುಕು ಕುಡಿದೆ. "ಭಾಳ ಆಗೇತಿ" ಎಂದೆ.

ಅವರು ಬರೆದುಕೊಂಡರು.