ಆಟದ ಮನೆಯ ಠರಾವು

ಆ ಮನೆಯಲ್ಲಿ ಪ್ರಜಾಪ್ರಭುತ್ವ ಎಷ್ಟು ಗಟ್ಟಿಯಾಗಿ ಬೇರೂರಿತ್ತೆಂದರೆ, ಹೊಸ ಪೊರಕೆ ತರುವುದಕ್ಕೂ ಕೈ ಎತ್ತಬೇಕಿತ್ತು. ಯಜಮಾನರು ತಮ್ಮ ಕಚೇರಿಯ ನೌಕರರ ಸಂಘಕ್ಕೆ ಅಧ್ಯಕ್ಷರು. ಅಲ್ಲಿ ಅವರ ಮಾತನ್ನು ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಭಾನುವಾರ ಬೆಳಗ್ಗೆ ಮನೆಯ ನಡುಕೋಣೆಯಲ್ಲಿ ಸಭೆ ಕರೆಯುತ್ತಿದ್ದರು. ಅವರ ತಾಯಿ, ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವ ತಮ್ಮ, ಹೈಸ್ಕೂಲಿಗೆ ಹೋಗುವ ಮಗಳು ಸದಸ್ಯರು. ಹೆಂಡತಿಗೂ ಮತದ ಹಕ್ಕಿತ್ತು. ಆದರೆ ಮತ ಹಾಕುವ ಹೊತ್ತಿಗೆ ಸರಿಯಾಗಿ ಅವಳು ಅಡುಗೆಮನೆಯಲ್ಲಿ ಸಭೆಗೆ ಟೀ ಸೋಸುತ್ತಿರುತ್ತಿದ್ದಳು. ಠರಾವು ಅವಿರೋಧವಾಗಿ ಪಾಸಾಯಿತು ಎಂಬ ಸುದ್ದಿ ಅವಳಿಗೆ ಖಾಲಿ ಲೋಟಗಳ ಜೊತೆ ಬರುತ್ತಿತ್ತು.

ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ಕೆನ್ನೆ ಹಿಡಿದುಕೊಂಡು ಬರುವವರಿಗೆಲ್ಲ ದಿನವಿಡೀ "ಈಗ ಕರೀತಾರೆ, ಕೂತ್ಕೊಳ್ಳಿ" ಎಂದು ನಗುನಗುತ್ತಾ ಹೇಳಿ ಸಂಜೆ ಮನೆಗೆ ಬಂದರೆ, ಚಪ್ಪಲಿ ಬಿಡುವ ಮೊದಲೇ ನಾಲ್ಕು ದಿಕ್ಕಿನಿಂದ ಕೂಗು. ಅತ್ತೆಯ ಕನ್ನಡಕ, ಮೈದುನನ ಅಂಗಿ, ಮಗಳ ಚಾರ್ಜರ್, ಗಂಡನ ಅಭಿಪ್ರಾಯ. ಹೀಗಾಗಿ ಅವಳಿಗೊಂದು ಗುಟ್ಟಿತ್ತು. ಮಗಳು ಚಿಕ್ಕವಳಿದ್ದಾಗ ಹಿತ್ತಿಲಲ್ಲಿ ಹಲಗೆಯದೊಂದು ಆಟದ ಮನೆ ಕಟ್ಟಿಸಿದ್ದರು: ಸೊಂಟದೆತ್ತರದ ಬಾಗಿಲು, ಎರಡು ಕಿಟಕಿ, ಕೆಂಪು ಮಾಡು. ಕೆಲಸದಿಂದ ಬಂದವಳು ಮುಂಬಾಗಿಲಿಗೆ ಹೋಗದೆ ಪಕ್ಕದ ಓಣಿಯಿಂದ ಹಿತ್ತಿಲಿಗೆ ನುಸುಳಿ, ಬಗ್ಗಿ ಅದರೊಳಗೆ ಸೇರಿ, ಮಕ್ಕಳ ಸ್ಟೂಲಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂರುತ್ತಿದ್ದಳು. ಏನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂರುತ್ತಿದ್ದಳು, ಅಷ್ಟೇ. ಆ ಕಾಲು ಗಂಟೆ ಸಿಗದಿದ್ದರೆ ಯಾವತ್ತೋ ಯಾರದೋ ತಲೆಯ ಮೇಲೆ ಟೀ ಪಾತ್ರೆ ಬೋರಲು ಹಾಕುತ್ತಿದ್ದೆ ಎಂಬುದು ಅವಳಿಗೆ ಖಾತ್ರಿಯಾಗಿ ಗೊತ್ತಿತ್ತು.

ಒಂದು ಭಾನುವಾರ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ಅಂಗಡಿ ಮೊಟ್ಟೆ ಮೊಟ್ಟೆನೇ ಅಲ್ಲ. ಹಿತ್ತಿಲಲ್ಲಿ ಆ ಆಟದ ಮನೆ ದಂಡಕ್ಕೆ ಬಿದ್ದಿದೆ. ಅದನ್ನ ಕೋಳಿಗೂಡು ಮಾಡೋಣ. ಮೊದಲು ಫಲಾನುಭವಿಗಳ ಅಭಿಪ್ರಾಯ ಕೇಳ್ತೀನಿ. ಮಗಳೇ, ನೀನು ಅದರಲ್ಲಿ ಆಡ್ತೀಯಾ?"

ಮಗಳು ಫೋನಿನಿಂದ ಕಣ್ಣೆತ್ತದೆ, "ಅಪ್ಪಾ, ನಂಗೆ ಹದಿನಾಲ್ಕು," ಎಂದಳು.

ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಸೋಸಣಿಗೆ ಜಾರಿತು. ಬೇಡ ಎನ್ನಬೇಕು. ಆದರೆ ಯಾಕೆ ಬೇಡ ಎಂದು ಕೇಳುತ್ತಾರೆ. ಹೇಳಿದರೆ ಗುಟ್ಟು ಗುಟ್ಟಾಗಿ ಉಳಿಯುವುದಿಲ್ಲ, ನಾಳೆಯಿಂದ ಎಲ್ಲರೂ ಆ ಕಿಟಕಿಗೇ ಬಂದು ಕೂಗುತ್ತಾರೆ. ಹಾವೂ ಸಾಯದ, ಕೋಲೂ ಮುರಿಯದ ಮಾತೊಂದನ್ನು ಹುಡುಕಿಕೊಂಡು ಅವಳು ಟ್ರೇ ಹಿಡಿದು ಹೊರಬರುವಷ್ಟರಲ್ಲಿ ಕೈಗಳು ಎದ್ದು ಇಳಿದಾಗಿತ್ತು. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ಆ ಮನೆಯಲ್ಲೂ ಇರಲಿಲ್ಲ.

ಕೆಲಸ ಶುರುವಾಯಿತು. ಮೈದುನ ಕಿಟಕಿಗಳಿಗೆ ತಂತಿ ಜಾಲರಿ ಹೊಡೆದ, ಗೋಡೆಯ ಬುಡದಲ್ಲಿ ಕೋಳಿ ನುಗ್ಗುವಷ್ಟು ಕಿಂಡಿ ಕೊರೆದ, ಮೊಟ್ಟೆ ಇಡಲು ಹುಲ್ಲು ತುಂಬಿದ ಪೆಟ್ಟಿಗೆಗಳನ್ನಿಟ್ಟ, ನೆಲಕ್ಕೆ ಮರದ ಹೊಟ್ಟು ಹರಡಿದ. ಕೋಳಿಗಳು ಕತ್ತಲಾದ ಮೇಲೆ ಹತ್ತಿ ಕೂರುವ ಅಡ್ಡಗೋಲಿನ ವಿಚಾರ ಬಂದಾಗ ಮಾತ್ರ ಪ್ರಜಾಪ್ರಭುತ್ವ ಅಡ್ಡ ಬಂತು. ಎತ್ತರದಲ್ಲಿರಬೇಕು ಎಂದರು ಅತ್ತೆ. ತಗ್ಗಿನಲ್ಲಿರಬೇಕು ಎಂದ ಮೈದುನ. ಎತ್ತು ಏರಿಗೆ, ಕೋಣ ನೀರಿಗೆ. ಮತಗಳು ಸಮವಾಗಿ ಬಿದ್ದಾಗ ಅಧ್ಯಕ್ಷರು ಯಾರಿಗೂ ನೋವಾಗದಂತೆ ರಾಜಿ ಮಾಡಿಸಿದರು: ಕೋಲಿನ ಒಂದು ತುದಿ ಮೇಲೆ, ಇನ್ನೊಂದು ತುದಿ ಕೆಳಗೆ.

ಕೋಳಿಗಳಿಗೆ ರಾಜಿ ಎಂದರೇನು ಗೊತ್ತು? ಬಂದ ದಿನವೇ ಐದೂ ಹೇಂಟೆಗಳು ಮೇಲಿನ ತುದಿಗೆ ಮುಗಿಬಿದ್ದವು. ಅಲ್ಲಿ ಎರಡಕ್ಕಷ್ಟೇ ಜಾಗ. ಉಳಿದವು ಜಾರಿ ಜಾರಿ ಒಂದರ ಮೇಲೊಂದು ಬಿದ್ದು, ಕುಕ್ಕಿ, ಬೀದಿಗೆಲ್ಲ ಕೇಳುವಂತೆ ಜಗಳ ತೆಗೆದವು.

"ಚರ್ಚೆ ನಡೀತಿದೆ. ಒಳ್ಳೇ ಲಕ್ಷಣ," ಎಂದರು ಅಧ್ಯಕ್ಷರು.

ಮುಂದಿನ ಭಾನುವಾರ ಗೂಡಿನ ಹಿಕ್ಕೆ ಬಳಿಯುವವರು ಯಾರು ಎಂಬ ಪ್ರಶ್ನೆ ಎದ್ದಿತು. ಹೆಂಡತಿ ಟೀ ತರಲು ಹೋಗಿದ್ದಳು. ಅವಿರೋಧವಾಗಿ ಪಾಸಾಯಿತು.

ಮೊದಲ ಸಂಜೆ ಸಲಿಕೆ, ಬಕೆಟ್ಟು ಹಿಡಿದು ಒಳಗೆ ಬಗ್ಗಿದಾಗ ಅವಳಿಗೆ ಅಳು ಬಂತು. ತನ್ನ ಜಾಗದಲ್ಲಿ ತಾನೇ ಹಿಕ್ಕೆ ಕೆರೆಯಬೇಕಾಯಿತಲ್ಲ ಎಂಬ ಸಿಟ್ಟಿಗೆ ಆ ಓರೆ ಕೋಲನ್ನು ಬಿಚ್ಚಿ ಸಮನಾಗಿ ಕಟ್ಟಿದಳು. ಯಾರ ಮತವನ್ನೂ ಕೇಳಲಿಲ್ಲ. ಕೋಳಿಗಳು ಒಂದೊಂದಾಗಿ ಹತ್ತಿ ಸಾಲಾಗಿ ಕೂತವು. ಗದ್ದಲ ನಿಂತಿತು. ಆಗಲೇ ಅವಳಿಗೆ ಇನ್ನೊಂದು ಹೊಳೆದದ್ದು: ತನ್ನನ್ನು ಯಾರೂ ಕೂಗುತ್ತಿಲ್ಲ. ಮಗಳು ವಾಸನೆಗೆ ಹೆದರಿ ಹಿತ್ತಿಲ ಬಾಗಿಲನ್ನೇ ಮುಚ್ಚಿದ್ದಳು. ಗೂಡಿನ ಕೆಲಸ ನಡೆಯುತ್ತಿದೆ ಎಂದರೆ ಗಂಡ ಆ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅವಳು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ದಿನ ಕಳೆದಂತೆ ಕಾಲು ಗಂಟೆಯ ಸುಖ ಅರ್ಧ ಗಂಟೆಯಾಯಿತು, ಅರ್ಧ ಒಂದಾಯಿತು.

ಸುಖಕ್ಕೆ ಕಣ್ಣು ಬೀಳದೆ ಇರುತ್ತದೆಯೇ? ಈ ಸಲ ಬಿದ್ದದ್ದು ಗಂಡನ ಕರುಣೆಯ ಕಣ್ಣು.

"ನಮ್ಮನೆ ಹೆಣ್ಣುಮಗಳು ದಿನಾ ಒಂದು ಗಂಟೆ ಕೋಳಿ ಹಿಕ್ಕೆ ಬಳೀಬೇಕಾ? ಅನ್ಯಾಯ. ಇನ್ಮೇಲೆ ಪಾಳಿ ಮಾಡೋಣ, ಎಲ್ಲರೂ ಒಂದೊಂದು ದಿನ. ಒಪ್ಪಿಗೆ ಇರೋರು ಕೈ ಎತ್ತಿ," ಎಂದರು ಅವರು ಸಭೆಯಲ್ಲಿ.

ಮೈದುನ, ಮಗಳು ಒಲ್ಲದ ಮನಸ್ಸಿನಿಂದ ಬೆರಳಷ್ಟೇ ಎತ್ತಿದರು. ಟೀ ಒಲೆಯ ಮೇಲೆ ಕುದಿಯುತ್ತಿತ್ತು. ಹೆಂಡತಿ ಅದನ್ನು ಅದರ ಪಾಡಿಗೆ ಬಿಟ್ಟು ನಡುಕೋಣೆಗೆ ಬಂದಳು.

"ನಂದು ವಿರೋಧ."

ಆ ಮಾತನ್ನು ಅಧ್ಯಕ್ಷರು ಕಚೇರಿಯಲ್ಲಿ ದಿನಾ ಕೇಳುತ್ತಿದ್ದರು. ಮನೆಯಲ್ಲಿ ಇದೇ ಮೊದಲು. "ಅಲ್ವೇ, ನಿನ್ನ ಕೆಲಸ ಕಡಿಮೆ ಮಾಡ್ತಿದ್ದೀವಿ ಕಣೇ!"

"ಮಾಡ್ಬೇಡಿ." ಕಡ್ಡಿ ಮುರಿದಂತೆ ಹೇಳಿದಳು. "ಗೂಡು ಬಳಿಯೋಕೆ ಹತ್ತು ನಿಮಿಷ ಸಾಕು. ಮಿಕ್ಕಿದ್ದಷ್ಟು ಹೊತ್ತು ನಾನು ಸುಮ್ನೆ ಕೂತಿರ್ತೀನಿ. ಅದು ಆಟದ ಮನೆ ಆಗಿದ್ದಾಗ್ಲೂ ಕೂರ್ತಿದ್ದೆ. ಕೋಳಿಗಳು ನನ್ನ ಏನೂ ಕೇಳಲ್ಲ. ಕನ್ನಡಕ ಎಲ್ಲಿ ಅನ್ನಲ್ಲ, ಟೀ ಆಯ್ತಾ ಅನ್ನಲ್ಲ. ಈ ಮನೇಲಿ ನಂಗೆ ಅಂತ ಇರೋದು ಅದೊಂದೇ ಜಾಗ. ಅದನ್ನ ಪಾಳಿಗೆ ಹಾಕ್ಬೇಡಿ."

ಟೀ ಉಕ್ಕಿ ಒಲೆ ಚುರ್ ಎಂದಿತು. ಎದ್ದು ಹೋಗಬೇಕಾದವರು ಯಾರು ಎಂದು ತೋಚದೆ ಎಲ್ಲರೂ ಅವಳ ಮುಖವನ್ನೇ ನೋಡಿದರು. ಮಗಳು ಫೋನು ಕೆಳಗಿಟ್ಟಳು. ಹೆಂಡತಿಗೆ ಎದೆ ಹಗುರಾಯಿತು, ಮರುಗಳಿಗೆಯಲ್ಲೇ ಭಯವೂ ಆಯಿತು. ಗುಟ್ಟು ರಟ್ಟಾಯಿತಲ್ಲ, ಇನ್ನು ಅಲ್ಲಿಗೂ ಬರುತ್ತಾರೆ.

ಅತ್ತೆ ಕೈ ಎತ್ತಿದರು. ಪರವೋ ವಿರೋಧವೋ ಎಂದು ಅಧ್ಯಕ್ಷರು ಕೇಳಿದರು. ಅವರು ಮಗನ ಕಡೆ ತಿರುಗಿಯೂ ನೋಡಲಿಲ್ಲ.

"ಇಷ್ಟು ವರ್ಷ ನಾನು ಹೊಟ್ಟೆ ಸರಿ ಇಲ್ಲ ಅಂತ ಹೇಳಿ ಕಕ್ಕಸಿನ ಬಾಗಿಲು ಹಾಕ್ಕೊಂಡು ಕೂರ್ತಿದ್ದೆ ಕಣಮ್ಮ," ಎಂದರು ಸೊಸೆಗೆ, ಮೆಲ್ಲಗೆ. "ನನ್ನ ಹೊಟ್ಟೆ ಯಾವತ್ತೂ ಕೆಟ್ಟಿಲ್ಲ. ಆ ಗೂಡು ಬೆಳಗ್ಗೆ ಹೊತ್ತು ಖಾಲಿ ಇರುತ್ತಾ?"

ಸೊಸೆ ಅತ್ತೆಯ ಮುಖವನ್ನು ಅಂದೇ ಮೊದಲು ಕಂಡವಳಂತೆ ನೋಡಿದಳು.

"ಇರುತ್ತೆ ಅತ್ತೆ. ಒಳಗಿಂದ ಹಾಕ್ಕೊಳ್ಳೋಕೆ ಒಂದು ಚಿಲಕ ಬೇಕು."

ಮೈದುನ ತಲೆ ತಗ್ಗಿಸಿಕೊಂಡು, ಯಾರ ಒಪ್ಪಿಗೆಗೂ ಕಾಯದೆ, ಡ್ರಿಲ್ ತರಲು ಎದ್ದ.