ನಾಲ್ಕನೆಯವಳ ಹೆಸರು

ತ್ಸಾಂಕೊ ನಮ್ಮೂರಿನ ಬೇಕರಿಯವನು. ಅವನಿಗೆ ಮೂವರು ಹೆಣ್ಣುಮಕ್ಕಳು: ವ್ಯಾರಾ, ನದೆಜ್ದಾ, ಲ್ಯೂಬಾ. ಅಂದರೆ ನಂಬಿಕೆ, ಭರವಸೆ, ಪ್ರೀತಿ. ಮೂವರು ಸಂತ ಸೋದರಿಯರ ಹೆಸರನ್ನು ಅವನ ಹೆಂಡತಿ ನೆವೆನಾ ಸಾಲಾಗಿ ಇಟ್ಟು ಮುಗಿಸಿಬಿಟ್ಟಿದ್ದಳು. ಈ ಸೆಪ್ಟೆಂಬರಿನಲ್ಲಿ ನಾಲ್ಕನೆಯದೂ ಹೆಣ್ಣಾಯಿತು. ಪ್ರೀತಿ ಆದಮೇಲೆ ಇನ್ನೇನು ಉಳಿದಿದೆ ಅಂತ ಊರಿಗೂರೇ ತಲೆ ಕೆರೆದುಕೊಂಡಿತು.

ಪಂಚಾಯ್ತಿ ಕಚೇರಿಯಲ್ಲಿ ಜನನ ಮರಣ ಬರೆದುಕೊಳ್ಳುವವಳು ನಾನು, ಪೆನ್ಕಾ. ಹುಟ್ಟಿದ ಏಳು ದಿನದೊಳಗೆ ಹೆಸರು ಬರೆಸಬೇಕು. ಆರನೆಯ ದಿನ ಮಧ್ಯಾಹ್ನ ತ್ಸಾಂಕೊ ಮೂರೂ ಮಕ್ಕಳನ್ನು ಕಟ್ಟಿಕೊಂಡು ಬಂದ. ಮೈತುಂಬ ಹಿಟ್ಟು, ಕಣ್ಣಲ್ಲಿ ನಿದ್ದೆಯಿಲ್ಲ.

"ಪೆನ್ಕಕ್ಕಾ, ದೊಸ್ತಾ ಅಂತ ಬರ್ಕೊಳ್ಳಿ. ನಮ್ಮಮ್ಮನ ಹೆಸರು."

ನನ್ನ ಪೆನ್ನು ಅಲ್ಲೇ ನಿಂತಿತು. ದೊಸ್ತಾ ಅಂದರೆ 'ಸಾಕು'. ಹೆಣ್ಣು ಹುಟ್ಟೀ ಹುಟ್ಟೀ ಬೇಸತ್ತವರು ಹಿಂದೆ ಇಡುತ್ತಿದ್ದ ಹೆಸರು.

"ನೆವೆನಾ ಒಪ್ಪಿದ್ಲಾ?"

"ಆರು ದಿನದಿಂದ ನನ್ಹತ್ರ ಮಾತೇ ಆಡಿಲ್ಲ. ಮೂರು ಸಲ ಅವಳ ಮಾತೇ ನಡೀತು. ಈ ಸಲಾನೂ ಅಮ್ಮನ ಹೆಸರು ಇಡ್ಲಿಲ್ಲ ಅಂದ್ರೆ ಅಮ್ಮ ಏನಂದ್ಕೊಳ್ತಾಳೆ?"

"ನಂಬಿಕೆ, ಭರವಸೆ, ಪ್ರೀತಿ, ಸಾಕು!" ಹಿರಿಯವಳು ವ್ಯಾರಾ ಬೆರಳು ಮಡಿಚಿ ಎಣಿಸಿದಳು. "ಸ್ಕೂಲಲ್ಲಿ ಎಲ್ರೂ ನಗ್ತಾರಪ್ಪಾ. ಸೋಫಿಯಾ ಅಂತಿಡು."

"ಸೋಫಿಯಾ ಆ ಮೂವರು ಸಂತರ ಅಮ್ಮ ಅಲ್ವಾ?" ಅಂದಳು ಆರು ವರ್ಷದ ಲ್ಯೂಬಾ. "ತೊಟ್ಟಿಲಲ್ಲಿರೋಳು ನಂಗೆ ಅಮ್ಮ ಆಗ್ತಾಳಾ? ಅವಳು ಹೇಳಿದ್ದು ನಾನು ಕೇಳ್ಬೇಕಾ?"

ಅಷ್ಟರಲ್ಲಿ ಬಾಗಿಲು ದಢಾರನೆ ತೆರೆಯಿತು. ಕೈಯಲ್ಲೊಂದು ಬುಟ್ಟಿ ಹಿಡಿದು, ಏದುಸಿರು ಬಿಡುತ್ತ, ಎಪ್ಪತ್ತೆಂಟರ ದೊಸ್ತಜ್ಜಿಯೇ ಬಂದು ನಿಂತಿದ್ದಳು.

"ಬರೀಬೇಡ ತಾಯೀ! ಆ ದರಿದ್ರ ಹೆಸರು ಮಗೂಗೆ ಬೇಡ!"

ತ್ಸಾಂಕೊ ಬಾಯಿ ಬಿಟ್ಟುಕೊಂಡು ನೋಡಿದ. "ನಿಂಗೋಸ್ಕರಾನೇ ಅಲ್ವೇನಮ್ಮಾ..."

"ನಾನು ಕೇಳಿದ್ನೇನೋ? ನಾನು ಆರನೇ ಹೆಣ್ಣು. ನಮ್ಮಪ್ಪ ಮುಖಾನೂ ನೋಡ್ದೆ 'ಸಾಕು' ಅಂದ, ಪಾದ್ರಿ ಅದನ್ನೇ ಬರ್ಕೊಂಡ. ನನ್ನ ಮದುವೇಲಿ ಪಾದ್ರಿ 'ದೊಸ್ತಾ' ಅಂತ ಕರೆದ್ರೆ, ಹಾಡ್ತಿದ್ದೋರು ಹಾಡು ನಿಲ್ಸಿಬಿಟ್ರು!"

"ಆರು ದಿನ ತಣ್ಣಗಿನ ಸೂಪು ಕುಡಿದ್ನಲ್ಲಮ್ಮಾ," ಅಂತ ತ್ಸಾಂಕೊ ಬೆಂಚಿನ ಮೇಲೆ ಕುಸಿದ.

"ಹಾಗಾದ್ರೆ ಏನಂತ ಬರೀಲಿ?" ಅಂತ ಕೇಳಿದೆ.

"ಹೆಸರು ಅಂದ್ರೆ ಕೂಗೋಕೆ ಚೆನ್ನಾಗಿರ್ಬೇಕು," ಅಂದವಳೇ ಅಜ್ಜಿ ಕಿಟಕಿ ತೆರೆದು ಬೀದಿಗೆ ಕತ್ತು ಚಾಚಿದಳು. "ವ್ಯಾರಾ! ನದೆಜ್ದಾ! ಲ್ಯೂಬಾ! ಮೀರಾ!"

ಎದುರಿನ ಅಂಗಡಿ ಮುಂದೆ ಇಬ್ಬರು ಮೀರಾಗಳು ತಿರುಗಿ ನೋಡಿದರು. ಒಂದು ಮೇಕೆಯೂ ಓಗೊಟ್ಟಿತು.

"ಬೇಡ. ಸ್ಲಾವಾ!"

ಕಸಾಯಿ ಅಂಗಡಿಯ ಸ್ಲಾವಿ ಚೂರಿ ಹಿಡಿದೇ ಹೊರಗೆ ಬಂದ. "ಏನಜ್ಜೀ?"

"ಏನಿಲ್ಲ, ನಿನ್ನ ಕೆಲ್ಸ ನೋಡ್ಕೋ ಹೋಗು."

ಆಮೇಲೆ ಅಜ್ಜಿ ದನಿ ತಗ್ಗಿಸಿ, "ರಾದಾ," ಅಂದಳು. ಮತ್ತೆ ಜೋರಾಗಿ, "ರಾದಾ!"

ಸಂತೋಷ ಅನ್ನುವುದಕ್ಕೆ ಹಳೇ ಕಾಲದ ಹೆಸರದು. ಬೀದಿಯಲ್ಲಿ ಯಾರೂ ತಿರುಗಲಿಲ್ಲ.

"ಖಾಲಿ ಇದೆ!" ಅಂತ ಲ್ಯೂಬಾ ಕುಣಿದಳು.

ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ನದೆಜ್ದಾ ಕೇಳಿದಳು, "ಇದು ಯಾರ ಹೆಸರಜ್ಜೀ?"

"ಯಾರದೂ ಅಲ್ವೇ. ಚಿಕ್ಕೋಳಿದ್ದಾಗ ಕುರಿ ಮೇಯಿಸ್ತಾ, ಸುತ್ತ ಯಾರೂ ಇಲ್ಲದಾಗ, ನನ್ನ ನಾನೇ ಹಾಗೆ ಕರ್ಕೊಳ್ತಿದ್ದೆ."

ಅವಳು ಕಿಟಕಿ ಮುಚ್ಚಿದಳು. ಚಿಲಕ ಹಾಕಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು. ತ್ಸಾಂಕೊ ನೆಲ ನೋಡುತ್ತ, "ಅದನ್ನೇ ಬರ್ಕೊಳ್ಳಿ ಅಕ್ಕಾ," ಅಂದ.

ಅಜ್ಜಿ ಬುಟ್ಟಿ ಬಿಚ್ಚಿ ಎಲ್ಲರಿಗೂ ಚೀಸ್ ಹಾಕಿದ ಪದರ ಪದರದ ಬಿಸಿ ಬಾನಿತ್ಸಾ ರೊಟ್ಟಿ ಹಂಚಿದಳು. ರಾದಾಳ ಪುಟದ ಮೇಲೆ ಒಂದು ಬೆಣ್ಣೆಯ ಕಲೆ ಇನ್ನೂ ಇದೆ.

ನೆವೆನಾ ಆ ಸಂಜೆ ಅತ್ತೆಯನ್ನು ಅಪ್ಪಿಕೊಂಡು ಅತ್ತಳಂತೆ. ಆಮೇಲೆ ಗಂಡನ ಕಡೆ ತಿರುಗಿ, ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಸುರಿದಳಂತೆ. ಅವನು ಎರಡು ತಟ್ಟೆ ಬಿಸಿ ಸೂಪು ಕುಡಿಯುತ್ತ ಖುಷಿಯಾಗಿ ಕೇಳಿಸಿಕೊಂಡನಂತೆ.